ಬಂಧುಗಳಿಗೆ ಮನೆ ಖಾಲಿ ಇಲ್ಲ

ಅಂಬುಜಾ ಏನು ಕೆಲಸ ಮಾಡುತ್ತಾಳೆ ಎಂದು ಡೆಟ್ರಾಯಿಟ್ ಪಕ್ಕದ ಲಿವೋನಿಯಾದ ಕನ್ನಡದವರು ಯಾರಾದರೂ ಕೇಳಿದರೆ ಅವಳ ಗಂಡ ಪದ್ಮನಾಭ, "ಸ್ಕೂಲಲ್ಲಿ ವಾಲಂಟಿಯರ್ ಮಾಡ್ತಾಳೆ" ಅನ್ನುತ್ತಿದ್ದ. ತಲೆಗೆ ಬಲೆ ಕಟ್ಟಿಕೊಂಡು, ಕೈಗೆ ಗ್ಲೌಸ್ ಏರಿಸಿ, ಸಾಲುಗಟ್ಟಿ ಬರುವ ಮಕ್ಕಳ ತಟ್ಟೆಗೆ ಇಕ್ಕಳದಲ್ಲಿ ಕೋಳಿ ತುಂಡು ಎತ್ತಿ ಹಾಕುವುದಕ್ಕೆ ಯಾವ ಊರಲ್ಲೂ ಸಮಾಜಸೇವೆ ಎನ್ನುವುದಿಲ್ಲ. ಕ್ಯಾಂಟೀನ್ ಕೆಲಸ ಎನ್ನುತ್ತಾರೆ. ಅಂಬುಜಾಗೆ ಆ ಕೆಲಸದಲ್ಲಿ ನಾಚಿಕೆ ಇರಲಿಲ್ಲ. ಮೈಸೂರಿನ ಅಗ್ರಹಾರದಲ್ಲಿ ಹುಟ್ಟಿ, ಮದುವೆಯಾದ ವರ್ಷವೇ ಮಿಶಿಗನ್ನಿಗೆ ಬಂದು, ಮಗಳು ದೀಪ್ತಿ ಓದು ಮುಗಿಸಿ ಶಿಕಾಗೋ ಕಡೆ ಹೊರಟುಹೋದ ಮೇಲೆ ಮನೆಯಲ್ಲಿ ಕೂತೂ ಕೂತೂ ಕಿಟಕಿಯ ಪರದೆಗೂ ತನಗೂ ವ್ಯತ್ಯಾಸ ತಿಳಿಯದಂತಾದಾಗ ತಾನೇ ಹೋಗಿ ಅಪ್ಲೈ ಮಾಡಿ ಹಿಡಿದ ಕೆಲಸ ಅದು. ನಾಚಿಕೆ ಗಂಡನದು. ಅದನ್ನು ಅವಳು ಹೊರಲೂ ಇಲ್ಲ, ಅವನ ತಲೆಯಿಂದ ಇಳಿಸಲೂ ಹೋಗಲಿಲ್ಲ.

ಆ ವರ್ಷ, ಎರಡು ಸಾವಿರದ ಒಂಬತ್ತರಲ್ಲಿ, ಡೆಟ್ರಾಯಿಟಿನ ಸುತ್ತಮುತ್ತ ನಮ್ಮವರ ಮನೆಗಳಲ್ಲೆಲ್ಲ ಸಾವಿನ ಮನೆಯ ಪಿಸುಮಾತು. ಕಾರು ಕಂಪನಿಗಳು ಉಸಿರು ಬಿಗಿಹಿಡಿದಿದ್ದವು. ವೀಸಾದ ಮೇಲೆ ಬಂದ ಹುಡುಗರು ಶುಕ್ರವಾರ ಕೆಲಸ ಕಳೆದುಕೊಂಡು, ಮುಂದಿನ ವಾರ ಸೋಫಾ, ಟಿವಿ, ಮಗುವಿನ ತೊಟ್ಟಿಲು ಎಲ್ಲವನ್ನೂ ಸಿಕ್ಕಿದವರಿಗೆ ಕೊಟ್ಟು ವಿಮಾನ ಹತ್ತುತ್ತಿದ್ದರು. ಪದ್ಮನಾಭ ಮಾತ್ರ ಕೆಲಸ ಬಿಡುವವರಿಗೆ ಕಂಪನಿ ಕೊಟ್ಟ ಗಂಟು ಹಿಡಿದು ಮೊದಲೇ ಹೊರಬಿದ್ದಿದ್ದ. ಆ ಗಂಟಿನಲ್ಲಿ ಬ್ಯಾಂಕು ಕಿತ್ತುಕೊಂಡಿದ್ದ ನಾಲ್ಕು ಮನೆ ಕೊಂಡ. ಒಂದು ಮನೆಯ ಫ್ರಿಜ್ಜಿನಲ್ಲಿ ಹಿಂದಿನವರ ಹಾಲು ಇನ್ನೂ ಇತ್ತು. "ಇದನ್ನೇ ಅಪಾರ್ಚುನಿಟಿ ಅನ್ನೋದು" ಎಂದು ಮೂಗು ಮುಚ್ಚಿಕೊಂಡು ಅದನ್ನು ಚರಂಡಿಗೆ ಸುರಿದ. ಪಕ್ಕದ ಮನೆಗೆ ಬೆಂಕಿ ಬಿದ್ದಾಗ ತನ್ನ ಚಳಿ ಕಾಯಿಸಿಕೊಳ್ಳುವವರನ್ನು ಈ ದೇಶದಲ್ಲಿ ಇನ್‌ವೆಸ್ಟರ್ ಎಂದು ಕರೆಯುವ ಪದ್ಧತಿ ಇದೆ.

ಅಂಬುಜಾಳ ಕ್ಯಾಂಟೀನಿನಲ್ಲಿ ಗಲ್ಲಾದ ಮುಂದೆ ಕೂರುತ್ತಿದ್ದವಳು ಲೀನಾ. ನಲವತ್ತು ದಾಟಿದ್ದ, ಉದ್ದ ಲಂಗದ, ಮಾತು ಬಂದರೆ ಮುಖ ಮೋರೆ ನೋಡದ ಹೆಂಗಸು. ಕೆಲಸದವರಿಗೆಲ್ಲ ಅಲ್ಲಿ ಊಟ ಪುಕ್ಕಟೆ. ಅದನ್ನು ಮುಟ್ಟದೆ ಮನೆಯಿಂದ ಡಬ್ಬಿ ತರುತ್ತಿದ್ದವರು ಇಬ್ಬರೇ: ಅಂಬುಜಾ ಮತ್ತು ಲೀನಾ. ಅಂಬುಜಾಳದು ಮೊಸರನ್ನ, ಲೀನಾಳದು ಎಲೆಕೋಸಿನ ಎಲೆಯಲ್ಲಿ ಅನ್ನ, ಮಾಂಸ ಸುತ್ತಿ ಬೇಯಿಸಿದ್ದು. ಒಂದೇ ಮೇಜಿಗೆ ಕೂತು, ಒಬ್ಬರದನ್ನೊಬ್ಬರು ಕೇಳದೆ, ಕೊಡದೆ, ತಮ್ಮ ತಮ್ಮದನ್ನು ಉಂಡು ಏಳುತ್ತಿದ್ದರು. ಸ್ನೇಹ ಬೆಳೆದದ್ದೇ ಹಾಗೆ. ಲೀನಾ ತನ್ನ ಲೋಟವನ್ನು ಬಟ್ಟೆಯಲ್ಲಿ ಸುತ್ತಿ ಮನೆಗೆ ಒಯ್ಯುತ್ತಿದ್ದಳೇ ಹೊರತು ಅಲ್ಲಿನ ಸಿಂಕಿನಲ್ಲಿ ಅದ್ದುತ್ತಿರಲಿಲ್ಲ.

"ಪಾತ್ರೆ ತೊಳೆಯೋ ಸಿಂಕಲ್ಲೇ ಕೈ ತೊಳೀತಾರೆ, ನೆಲ ಒರೆಸೋ ಬಟ್ಟೆನೂ ಅಲ್ಲೇ ಹಿಂಡ್ತಾರೆ" ಎಂದಳು ಒಂದು ದಿನ, ತನ್ನ ಇಂಗ್ಲಿಷಿನಲ್ಲಿ. "ನಮ್ಮನೇಲಿ ಹೀಗಾದ್ರೆ ನಮ್ಮತ್ತೆ ಆ ಪಾತ್ರೆ ಅಷ್ಟೂ ಎತ್ತಿ ಬಿಸಾಕ್ತಾರೆ."

"ನಮ್ಮತ್ತೆ ಪಾತ್ರೆ ಬಿಸಾಕ್ತಿರ್ಲಿಲ್ಲ. ನನ್ನನ್ನೇ ಹೊರಗೆ ಕೂರಿಸ್ತಿದ್ರು" ಎಂದಳು ಅಂಬುಜಾ.

ಸೊಂಟದ ಮೇಲಿನ ಬಟ್ಟೆ ಬೇರೆ, ಕೆಳಗಿನದು ಬೇರೆ ಒಗೆಯಬೇಕು ಎಂದು ಲೀನಾ ಹೇಳಿದರೆ, ಮಡಿಬಟ್ಟೆಯನ್ನು ಕೋಲಿನಲ್ಲಿ ಎತ್ತಿ ಯಾರ ಕೈಗೂ ಎಟುಕದ ಗಳುವಿನ ಮೇಲೆ ಹರವುತ್ತಿದ್ದುದನ್ನು ಅಂಬುಜಾ ಹೇಳಿದಳು. ಇಬ್ಬರೂ ತಮ್ಮ ತಮ್ಮ ಅತ್ತೆಯಂದಿರನ್ನು ನೆನೆದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ನಿಂತ ಮೇಲೆ ಲೀನಾ ದನಿ ತಗ್ಗಿಸಿದಳು. "ಹಂಗೇರಿಯನ್ ಅಂತ ಎಲ್ಲರಿಗೂ ಹೇಳ್ತೀವಿ. ನಾವು ರೋಮಾ. ಜನ ಜಿಪ್ಸಿ ಅಂತಾರಲ್ಲ, ಅದೇ. ಎಲ್ಲೂ ಬಾಯಿ ಬಿಡಬೇಡ, ಅಂಬು. ಕೆಲಸಕ್ಕೂ ಕುತ್ತು, ಮನೆಗೂ ಕುತ್ತು."

ಆ ಹೊತ್ತಿಗೆ ಮನೆಗೆ ಕುತ್ತು ಬಂದೂ ಆಗಿತ್ತು. ಅವರಿದ್ದದ್ದು ಡೆಟ್ರಾಯಿಟಿನ ನೈರುತ್ಯ ಮೂಲೆಯಲ್ಲಿ, ಎಣ್ಣೆ ಕಾರ್ಖಾನೆಯ ಹೊಗೆಯ ಕೆಳಗಿನ ಒಂದು ಬಾಡಿಗೆ ಮನೆಯಲ್ಲಿ. ಗೋಡೆಗೆ ಬೂಷ್ಟು. ಮನೆ ಬೆಚ್ಚಗಿಡುವ ಫರ್ನೇಸು ಕೆಟ್ಟು ಒಂದು ಚಳಿಗಾಲವೇ ಕಳೆದಿತ್ತು. ಲೀನಾಳ ಅತ್ತೆ ರೋಝಾಳ ಎದೆಯಲ್ಲಿ ಹಗಲೂ ರಾತ್ರಿ ಗೊರಗೊರ. ಅಂಥ ಮನೆಗೂ ಲೀನಾಳ ಗಂಡ ಸ್ಟೀವೊ, ಕಾರಿನ ಡೆಂಟು ತೆಗೆದು ಗಳಿಸಿದ್ದರಲ್ಲಿ ತಿಂಗಳು ತಪ್ಪದೆ ಬಾಡಿಗೆ ಕೊಟ್ಟಿದ್ದ. ಮಾಲೀಕ ಅದನ್ನು ಜೇಬಿಗಿಳಿಸಿ ಬ್ಯಾಂಕಿಗೆ ಮನೆಸಾಲದ ಕಂತು ಕಟ್ಟಿರಲಿಲ್ಲ. ನವೆಂಬರ್ ಕೊನೆಗೆ ಖಾಲಿ ಮಾಡಿ ಎಂದು ಬ್ಯಾಂಕು ಬಾಗಿಲಿಗೆ ಕಾಗದ ಅಂಟಿಸಿತು. ಬಾಡಿಗೆ ಕೊಟ್ಟವರು ಬೀದಿಗೆ, ಬಾಡಿಗೆ ನುಂಗಿದವನು ಫ್ಲಾರಿಡಾಕ್ಕೆ. ಇದಕ್ಕೆ ಪತ್ರಿಕೆಗಳು ಮಾರುಕಟ್ಟೆಯ ಏರಿಳಿತ ಎಂಬ ಹೆಸರು ಕೊಟ್ಟಿದ್ದವು.

ಬೇರೆ ಮನೆ ಹುಡುಕಿದರು. ಫೋನಿನಲ್ಲಿ ಬನ್ನಿ ಬನ್ನಿ ಎನ್ನುವವರು, ಉದ್ದ ಲಂಗ, ತಲೆಗೆ ವಸ್ತ್ರ ಕಟ್ಟಿದ ಮುದುಕಿ ಕಾರಿನಿಂದ ಇಳಿದದ್ದೇ ತಡ, "ಈಗ ತಾನೇ ಕೊಟ್ಟುಬಿಟ್ವಿ" ಅನ್ನುತ್ತಿದ್ದರು. ಮುಂದಿನ ವಾರ ಹಾಯ್ದುಹೋದರೆ ಬಾಡಿಗೆಗಿದೆ ಎಂಬ ಬೋರ್ಡು ಹುಲ್ಲಿನ ಮೇಲೆ ಹಾಗೇ ನೆಟ್ಟಗೆ ನಿಂತಿರುತ್ತಿತ್ತು. ಊರು ತುಂಬ ಖಾಲಿ ಮನೆ, ಮನೆ ಇಲ್ಲದ ಜನವೂ ಊರು ತುಂಬ. ಎರಡರ ನಡುವೆ ಬೀಗದ ಕೈ ಹಿಡಿದುಕೊಂಡು ನಿಂತ ದೊಡ್ಡ ಮನುಷ್ಯರು.

ಪದ್ಮನಾಭನ ನಾಲ್ಕರಲ್ಲಿ ಒಂದು ಮನೆ ಬೇಸಿಗೆಯಿಂದ ಬಾಗಿಲು ಹಾಕಿತ್ತು. "ಕೇಳಿ ನೋಡ್ತೀನಿ" ಎಂದಳು ಅಂಬುಜಾ.

"ಹಂಗೇರಿಯನ್ ಅಂತಲೇ ಹೇಳು" ಎಂದಳು ಲೀನಾ.

ಹಾಗೇ ಹೇಳಬೇಕೆಂದೇ ಅಂಬುಜಾಳ ಮನಸ್ಸಿನಲ್ಲಿತ್ತು. ಕೆಡಿಸಿದ್ದು ರಾಜ್ಯೋತ್ಸವ. ಟ್ರಾಯ್ ಊರಿನ ಒಂದು ಶಾಲೆಯ ಸಭಾಂಗಣದಲ್ಲಿ ಕನ್ನಡ ಬಳಗದ ಸಮಾರಂಭ, ಬಿಸಿಬೇಳೆಬಾತು ಮುಗಿದ ಮೇಲೆ ಪದ್ಮನಾಭನ ಭಾಷಣ. ಕಂಪನಿ ಬಿಟ್ಟ ಮೇಲೆ ಅವನಿಗೆ ಇತಿಹಾಸ ಹಿಡಿದಿತ್ತು. ಹೊತ್ತು ಹೋಗದವರಿಗೆ ಹಿಡಿಯುವ ರೋಗ ಅದು. ವಿಷಯ, 'ಜಗದಗಲ ಹರಡಿದ ನಮ್ಮ ಬಂಧುಗಳು'. ಸಾವಿರ ವರ್ಷದ ಹಿಂದೆ ಭಾರತ ಬಿಟ್ಟು ಹೊರಟ ರೋಮಾ ಜನರ ಚಿತ್ರಗಳು ಪರದೆಯ ಮೇಲೆ ಒಂದಾದ ಮೇಲೊಂದು ಬಂದವು. ಅವರ ಭಾಷೆಯಲ್ಲಿ ನೀರಿಗೆ ಪಾನಿ, ಕಿವಿಗೆ ಕಾನ್ ಎಂದಾಗ ಸಭೆ ಚಪ್ಪಾಳೆ ತಟ್ಟಿತು. "ಯುರೋಪು ನಮ್ಮ ರಕ್ತಸಂಬಂಧಿಗಳಿಗೆ ಏನು ಮಾಡಿತು? ಊರಾಚೆ ಇಟ್ಟಿತು. ಇರೋದಕ್ಕೆ ಒಂದು ಸೂರು ಕೊಡಲಿಲ್ಲ" ಎನ್ನುವಾಗ ಅವನ ದನಿ ನಡುಗಿತು. ಬಳಗದ ಅಧ್ಯಕ್ಷ ಚಂದ್ರಮೌಳಿ ಕಣ್ಣೊರೆಸಿಕೊಂಡು ಎದ್ದು ಬಂದು ಶಾಲು ಹೊದಿಸಿದ. ದೂರದವರು ಮಾಡಿದ ಪಾಪಕ್ಕೆ ಕಣ್ಣೀರು ಹಾಕುವಷ್ಟು ಅಗ್ಗದ ಪುಣ್ಯ ಬೇರೆ ಇಲ್ಲ. ಆ ಸಂಜೆ ಅದನ್ನು ಇನ್ನೂರು ಜನ ಊಟದ ಜೊತೆಗೆ ಪುಕ್ಕಟೆ ಪಡೆದರು.

ಅಂಬುಜಾ ಮಾತ್ರ ಅದನ್ನು ನಿಜವೆಂದು ನಂಬಿದಳು. ಇಪ್ಪತ್ತೈದು ವರ್ಷ ಸಂಸಾರ ಮಾಡಿಯೂ ಗಂಡನ ಭಾಷಣವನ್ನು ನಂಬುವುದು ದಡ್ಡತನವೇ. ಆದರೆ ಆ ಹೊತ್ತಿಗೆ ಅವಳಿಗೆ ಅವನ ಮೇಲೆ ಎಂದೂ ಇಲ್ಲದ ಹೆಮ್ಮೆ ಉಕ್ಕಿತ್ತು. ಪಾರ್ಕಿಂಗ್ ಲಾಟಿನಲ್ಲಿ, ಶಾಲು ಇನ್ನೂ ಅವನ ಹೆಗಲ ಮೇಲಿರುವಾಗ, ಚಂದ್ರಮೌಳಿಯ ಎದುರಿಗೇ ಬಾಯಿಬಿಟ್ಟಳು.

"ರೀ, ನಮ್ಮ ಸ್ಕೂಲಿನ ಲೀನಾ ಇದಾಳಲ್ಲ, ಅವಳು ಅವರೇ ರೀ. ರೋಮಾ. ಮನೆ ಹೋಗ್ತಿದೆ ಅವರದು. ನಮ್ಮದು ಹೇಗೂ ಖಾಲಿ ಇದೆ."

ಪದ್ಮನಾಭ ಹೆಂಡತಿಯನ್ನು ನೋಡಿದ, ಶಾಲನ್ನು ನೋಡಿಕೊಂಡ, ಚಂದ್ರಮೌಳಿಯ ಕಡೆ ತಿರುಗಿದ. ಶಾಲು ಹೊದ್ದವನಿಗೆ ಇಲ್ಲ ಅನ್ನಲು ಬಾಯಿ ಎಲ್ಲಿ? "ಅದಕ್ಕೇನಂತೆ, ಭಾನುವಾರ ಕಾಫಿಗೆ ಕರಿ" ಎಂದ.

"ಫೋಟೋ ತೆಗೀರಿ, ಸಾರ್. ವೆಬ್‌ಸೈಟಿಗೆ ಹಾಕೋಣ" ಎಂದ ಚಂದ್ರಮೌಳಿ.

ಭಾನುವಾರ ಮೂವರೂ ಬಂದರು. ಸ್ಟೀವೊ ಕೋಟು ತೊಟ್ಟಿದ್ದ. ರೋಝಾ ಮಗನ ತೋಳು ಹಿಡಿದು ಮೆಟ್ಟಿಲೇರಿ, ಸೋಫಾದಲ್ಲಿ ನೆಟ್ಟಗೆ ಕೂತು, ಮನೆಯನ್ನು ಮೇಲಿಂದ ಕೆಳಗೆ ನೋಡಿದಳು. ಪದ್ಮನಾಭ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು, ಮುದುಕಿಯಿಂದ ಒಂದಿಷ್ಟು ಶಬ್ದ ಹೇಳಿಸಿ ಬರೆದುಕೊಳ್ಳುವ ಉತ್ಸಾಹದಲ್ಲಿದ್ದ. ಅಂಬುಜಾ ತನ್ನ ಮದುವೆಯ ಬೆಳ್ಳಿ ಲೋಟಗಳನ್ನು ಹುಣಸೆಹಣ್ಣು ಹಾಕಿ ಬೆಳಗಿ, ಡಿಕಾಕ್ಷನ್ ಇಳಿಸಿ, ನೊರೆ ಉಕ್ಕುವ ಕಾಫಿ ತಂದಳು. ಲೀನಾಳ ಜೊತೆ ವರ್ಷಗಟ್ಟಲೆ ಕೂತು ಉಂಡವಳು ಅವಳು, ಗೊತ್ತಿರಬೇಕಿತ್ತು. ಉಪಚಾರದ ಭರದಲ್ಲಿ ಮರೆತಳು.

ರೋಝಾ ಕೈಗಳನ್ನು ಮಡಿಲಲ್ಲೇ ಇಟ್ಟುಕೊಂಡು ತನ್ನ ಭಾಷೆಯಲ್ಲಿ ಏನೋ ಅಂದಳು. ಲೀನಾಳ ಮುಖ ಕೆಂಪಾಯಿತು.

"ಅಂಬು, ತಪ್ಪು ತಿಳೀಬೇಡ. ಪೇಪರ್ ಕಪ್ ಇದ್ರೆ ಕೊಡ್ತೀಯಾ? ಅತ್ತೆ ಬೇರೆಯವರ ಮನೆ ಪಾತ್ರೇಲಿ ಕುಡಿಯಲ್ಲ. ನಾವೂ ಅಷ್ಟೆ."

"ಯಾಕೆ?" ಎಂದ ಪದ್ಮನಾಭ.

ಸ್ಟೀವೊ ನಗುತ್ತಾ ಹೇಳಿದ: "ನಿಮಗೆ ಅಂತ ಅಲ್ಲ ಸಾರ್. ಪೋಪ್ ಕರೆದು ಕಾಫಿ ಕೊಟ್ರೂ ನಮ್ಮಮ್ಮ ಪೇಪರ್ ಕಪ್ಪೇ ಕೇಳೋದು."

ಪದ್ಮನಾಭ ನಗಲಿಲ್ಲ. ಗಣೇಶನ ಹಬ್ಬದಲ್ಲಿ ಉಳಿದಿದ್ದ ಪೇಪರ್ ಕಪ್ಪುಗಳನ್ನು ಅಂಬುಜಾ ಹುಡುಕಿ ತಂದಳು. ಮೂವರೂ ಕುಡಿದರು, ಚೆನ್ನಾಗಿದೆ ಎಂದರು. ಮನೆಯ ಮಾತು ಬಂದಾಗ ಲೀನಾ, ಬಟ್ಟೆ ಒಗೆಯುವ ಮಷಿನ್ನು ಅಡುಗೆಮನೆಯಲ್ಲಿದೆಯೋ ಬೇಸ್‌ಮೆಂಟಿನಲ್ಲೋ ಎಂದು ಮೊದಲು ಕೇಳಿದಳು. ಪದ್ಮನಾಭ ಲ್ಯಾಪ್‌ಟಾಪ್ ಮುಚ್ಚಿದ. ಫೋಟೋ ತೆಗೆಯಲಿಲ್ಲ. "ತಿಳಿಸ್ತೀನಿ" ಎಂದು ಬಾಗಿಲ ತನಕ ಬಂದ.

ಅವರ ಕಾರು ತಿರುವು ದಾಟುವ ತನಕ ಕಾದು ಒಳಗೆ ಬಂದವನ ಮೈಯೆಲ್ಲ ಬೆಂಕಿ.

"ನನ್ನ ಮನೇಲಿ ಕೂತು ನನ್ನ ಬೆಳ್ಳಿ ಲೋಟ ಮೈಲಿಗೆ ಅಂತಾರೆ. ಊರೂರು ಅಲೆಯೋ ಜಿಪ್ಸಿಗಳು. ಇಂಥವರಿಗೆ ನಾನು ಮನೆ ಕೊಡೋದಾ?"

"ಮೊನ್ನೆ ತನಕ ಬಂಧುಗಳಾಗಿದ್ರು."

"ಅದು ಹಿಸ್ಟರಿ ಕಣೇ. ಇದು ಬಿಸಿನೆಸ್ಸು. ಕ್ರೆಡಿಟ್ ಸ್ಕೋರ್ ಸಾಲದು ಅಂತ ಹೇಳಿಬಿಡು."

"ಸ್ಕೋರ್ ನೋಡೇ ಇಲ್ವಲ್ಲ ನೀವು."

"ನೋಡೋದೇನು. ನಮ್ಮ ಪಾತ್ರೆ ಮುಟ್ಟಲ್ಲ ಅನ್ನೋ ಜನ ಅವರು."

ಯಾರೂ ಮುಟ್ಟದೆ ಉಳಿದಿದ್ದ ಬೆಳ್ಳಿ ಲೋಟಗಳನ್ನು ಅಂಬುಜಾ ತಟ್ಟೆಗೆ ಎತ್ತಿಟ್ಟುಕೊಳ್ಳುತ್ತಾ ಕೇಳಿದಳು: "ಮೈಸೂರಲ್ಲಿ ನಿಮ್ಮನೆ ಹಿತ್ತಲು ಗುಡಿಸೋ ಕಾಳಮ್ಮನ ಲೋಟ ಎಲ್ಲಿರ್ತಿತ್ತು?"

"ಅದು ಬೇರೆ."

"ಹೌದು, ಬೇರೆ. ಬಚ್ಚಲ ಹೊರಗಿನ ಗೂಡಲ್ಲಿ ಬೋರಲು ಹಾಕಿರ್ತಿತ್ತು. ಮೇಲಿಂದ ಸುರೀಬೇಕು, ತಗಲಬಾರದು ಅಂತ ನಿಮ್ಮಮ್ಮ ನನಗೆ ಹೇಳಿಕೊಟ್ಟಿದ್ರು, ನಾನೂ ಸುರೀತಿದ್ದೆ. ಕಾಳಮ್ಮ ಹಿತ್ತಲಲ್ಲಿ ನಿಂತು ಕುಡೀತಿದ್ಲು. ಇವರು ಸೋಫಾದ ಮೇಲೆ ಕೂತು ಬೇಡ ಅಂದ್ರು. ಅದಕ್ಕೇ ನಿಮಗೆ ಉರಿ."

ಮೈಲಿಗೆ ಎಂಬುದನ್ನು ಬೀಗದ ಕೈ ಇರುವವನು ಹೇಳಿದರೆ ಅದು ಸಂಸ್ಕೃತಿ, ಮನೆ ಕೇಳಲು ಬಂದವನು ಹೇಳಿದರೆ ಅದು ಕೊಬ್ಬು. ಅಷ್ಟು ಹೊತ್ತಿಗೆ ಚಂದ್ರಮೌಳಿಯ ಫೋನು. ಆ ಖಾಲಿ ಮನೆಯ ಬೀದಿಯಲ್ಲೇ ಅವನ ಮನೆಯೂ ಇತ್ತು. ಪದ್ಮನಾಭ ಸ್ಪೀಕರಿಗೆ ಹಾಕಿದ. "ಕೊಡಬೇಡಿ ಸಾರ್, ಬೆಲೆ ಮೊದಲೇ ಬಿದ್ದಿದೆ. ಸಹಾಯ ಬೇರೆ ಥರ ಮಾಡೋಣ, ಒಂದು ಬಟ್ಟೆ ಕಲೆಕ್ಷನ್ ಇಡೋಣ. ಅವರು ಒಂದು ಕಡೆ ನಿಲ್ಲೋ ಜನ ಅಲ್ಲ." ನಿಲ್ಲಲು ಜಾಗ ಕೊಡದವರೇ ಆಡುವ ಮಾತು ಇದು, ಎಲ್ಲ ದೇಶದಲ್ಲೂ.

ಮಾರನೆಯ ದಿನ ಕ್ಯಾಂಟೀನಿನಲ್ಲಿ ಅಂಬುಜಾ ತಲೆ ತಗ್ಗಿಸಿಕೊಂಡು ವಿಷಯ ಹೇಳಿದಳು. ಲೀನಾ ಡಬ್ಬಿಯ ಮುಚ್ಚಳ ತೆರೆಯದೆ ಕೇಳಿಸಿಕೊಂಡಳು.

"ನಾವು ಯಾರು ಅಂತ ನೀನು ಹೇಳಿಬಿಟ್ಟಿದ್ದೆ, ಅಲ್ವಾ? ನಿನ್ನ ಗಂಡ ಬಾಗಿಲಲ್ಲೇ ನನ್ನ ಅತ್ತೆಗೆ ಪಾನಿ ಪಾನಿ ಅಂದ."

"ಅವರು ನಿಮ್ಮ ಜನರ ಬಗ್ಗೆ ಭಾಷಣ ಮಾಡಿದ್ರು, ಲೀನಾ. ಎಲ್ಲರೂ ಅತ್ತರು. ಖುಷಿಯಾಗುತ್ತೆ ಅಂದ್ಕೊಂಡೆ."

"ಹಂಗೇರಿಯನ್ ಆಗಿದ್ದಿದ್ರೆ ನಾನು ಇವತ್ತು ಕಿಟಕಿಗೆ ಪರದೆ ಅಳತೆ ತಗೋತಿದ್ದೆ. ನಿನ್ನ ಗಂಡನಿಗೆ ನೆಂಟರು ಬೇಕಿತ್ತು, ಅಂಬು. ನಮಗೆ ಮನೆ ಬೇಕಿತ್ತು."

ಡಬ್ಬಿ ಎತ್ತಿಕೊಂಡು ಲೀನಾ ಬೇರೆ ಮೇಜಿಗೆ ಹೋದಳು. ಅಂಬುಜಾ ಆ ದಿನ ಉಣ್ಣಲಿಲ್ಲ.

ಸಂಜೆ ಮಗಳಿಗೆ ಫೋನು ಮಾಡಿದಳು. ದೀಪ್ತಿ ಶಿಕಾಗೋ ಪಕ್ಕದ ಸ್ಕೋಕಿಯಲ್ಲಿದ್ದಳು, ಮನೆ ಕಳೆದುಕೊಳ್ಳುವ ಬಾಡಿಗೆದಾರರಿಗೆ ದಾರಿ ಹೇಳುವ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸ. ಆ ವರ್ಷ ಅವಳ ಫೋನು ಕೆಳಗಿಡುವಂತೆಯೇ ಇರಲಿಲ್ಲ. ಅಮ್ಮ ಹೇಳಿದ್ದನ್ನು ಪೂರ್ತಿ ಕೇಳಿದಳು.

"ಅಮ್ಮಾ, ದಟ್ಸ್ ಇಲ್ಲೀಗಲ್. ಜನಾಂಗ ನೋಡಿ ಮನೆ ಇಲ್ಲ ಅನ್ನೋಹಾಗಿಲ್ಲ. ಡಿಡ್ ಅಪ್ಪ ಸೇ ಇಟ್ ಔಟ್ ಲೌಡ್?"

"ಜಿಪ್ಸಿಗಳಿಗೆ ಕೊಡಲ್ಲ ಅಂತ ಬಾಯಿ ಬಿಟ್ಟೇ ಹೇಳಿದ್ರು."

"ಲೀನಾ ಕ್ಯಾನ್ ಫೈಲ್ ಅ ಕಂಪ್ಲೇಂಟ್. ಆಂಡ್ ಯು ಆರ್ ದ ವಿಟ್ನೆಸ್."

"ನಿಮ್ಮಪ್ಪ ಕಣೇ ಅವರು."

"ಐ ನೋ, ಅಮ್ಮಾ." ಸೊಲ್ಯೂಷನ್ ಹೇಳು ಎಂದು ಅಂಬುಜಾ ಕೇಳಲಿಲ್ಲ. ಕೇಳಬೇಕಾದ್ದಕ್ಕೆ ಉತ್ತರ ಆಗಲೇ ಬಂದಿತ್ತು.

ಪದ್ಮನಾಭ ಗರಾಜಿನಲ್ಲಿ ಹೊಸ ಬಾಡಿಗೆ ಬೋರ್ಡಿಗೆ ಮೊಳೆ ಹೊಡೆಯುತ್ತಿದ್ದ. ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು, ದನಿ ಏರಿಸದೆ, ನಾಳೆ ತರಕಾರಿ ಏನು ತರಲಿ ಎಂದು ಕೇಳುವವಳ ಹಾಗೆ ಹೇಳಿದಳು.

"ಲೀನಾ ಕಂಪ್ಲೇಂಟ್ ಕೊಟ್ರೆ ನಾನು ಸಾಕ್ಷಿ ಹೇಳ್ತೀನಿ. ಕ್ರೆಡಿಟ್ ಸ್ಕೋರ್ ನೆಪ, ನಿಜ ಕಾರಣ ಇದು ಅಂತ. ಚಂದ್ರಮೌಳಿ ಅಂದಿದ್ದೂ ಸೇರಿಸಿ."

ಸುತ್ತಿಗೆ ನಿಂತಿತು. "ಆ ಮನೆ ಮೇಲೆ ನಿನ್ನ ಹೆಸರೂ ಇದೆ. ನಿನ್ನ ತಲೆಗೂ ಬರುತ್ತೆ."

"ಬರಲಿ."

"ಗಂಡನ ಮೇಲೆ ಸಾಕ್ಷಿ ಹೇಳೋದಕ್ಕೆ ಹೋಗ್ತಾಳಂತೆ. ಜನ ಕೇಳಿದ್ರೆ ಏನು ಹೇಳಲಿ ನಾನು?"

"ವಾಲಂಟಿಯರ್ ಮಾಡ್ತಿದಾಳೆ ಅನ್ನಿ."

ಮುಂದಿನ ಎರಡು ದಿನ ಪದ್ಮನಾಭನ ತಲೆಯಲ್ಲಿ ಓಡಿದ್ದು ಧರ್ಮವಲ್ಲ, ನ್ಯಾಯವಲ್ಲ, ಬೂಷ್ಟು ಹಿಡಿದ ಕೋಣೆಯಲ್ಲಿ ಕೆಮ್ಮುವ ಮುದುಕಿಯಂತೂ ಅಲ್ಲವೇ ಅಲ್ಲ. ಮುಂದಿನ ವರ್ಷ ಬಳಗದ ಅಧ್ಯಕ್ಷಗಿರಿಗೆ ನಿಲ್ಲುವ ಆಸೆ ಇತ್ತು ಅವನಿಗೆ. 'ಬಂಧುಗಳ' ಭಾಷಣಕಾರನ ಮೇಲೆ ಅದೇ ಬಂಧುಗಳ ದೂರು, ಹೆಂಡತಿಯೇ ಸಾಕ್ಷಿ: ಇದು ಬಿಸಿಬೇಳೆಬಾತಿಗಿಂತ ರುಚಿಯಾಗಿ ಮನೆಮನೆ ಸುತ್ತುತ್ತದೆಂದು ಅವನಿಗೆ ತಿಳಿಯದೇ? ತಾನೇ ಎಷ್ಟು ಜನರದ್ದನ್ನು ಸುತ್ತಿಸಿದ್ದ. ಆತ್ಮಸಾಕ್ಷಿಯ ಕರೆಗೆ ಏಳದವರನ್ನು ಕೋರ್ಟಿನ ನೋಟೀಸು ಬ್ರಾಹ್ಮೀ ಮುಹೂರ್ತಕ್ಕೇ ಎಬ್ಬಿಸುತ್ತದೆ. ಮೂರನೆಯ ದಿನ ಲೀಸಿಗೆ ಸಹಿ ಮಾಡಿ ಮೇಜಿನ ಮೇಲೆ ಎಸೆದು ವಾಕಿಂಗಿಗೆ ಹೋದ.

ಅಂಬುಜಾ ತನ್ನ ಸಹಿಯನ್ನೂ ಹಾಕಿ, ಅದನ್ನು ಶಾಲೆಗೆ ತಂದಳು. ಲೀನಾ ನಿಂತೇ ಅಷ್ಟನ್ನೂ ಓದಿದಳು. ಓದಿ ಮುಗಿದ ಮೇಲೂ ಪೆನ್ನು ತೆಗೆದುಕೊಳ್ಳಲಿಲ್ಲ.

"ಇದು ಅವನ ದಯೆಯಾ?"

"ಅಲ್ಲ. ಹೆದರಿಕೆ. ನೀನು ಕಂಪ್ಲೇಂಟ್ ಕೊಟ್ರೆ ನಾನು ಸಾಕ್ಷಿ ಹೇಳ್ತೀನಿ ಅಂದಿದೀನಿ."

ಲೀನಾ ಅವಳ ಮುಖವನ್ನೇ ನೋಡಿದಳು. "ಹಾಗಾದ್ರೆ ಸರಿ. ದಯೆ ಆಗಿದ್ರೆ ಬೇಡ ಅಂತಿದ್ದೆ. ದಯೆ ಕೊಟ್ಟೋರು ಯಾವಾಗ ಬೇಕಾದ್ರೂ ವಾಪಸ್ ಕೇಳ್ತಾರೆ." ಸಹಿ ಮಾಡಿದಳು. ಥ್ಯಾಂಕ್ಸ್ ಎನ್ನಲಿಲ್ಲ. ಅಂಬುಜಾಳೂ ಅದನ್ನು ಕಾಯಲಿಲ್ಲ. ಆದರೆ ಮಧ್ಯಾಹ್ನ ಲೀನಾ ಹಳೆಯ ಮೇಜಿಗೆ ಬಂದು ಕೂತಳು.

ನವೆಂಬರಿನ ಕೊನೆಯ ಶನಿವಾರ ಅವರು ಸಾಮಾನು ತಂದರು. ಹಿಂದಿನ ದಿನವೆಲ್ಲ ಅಂಬುಜಾ ಆ ಮನೆಯಲ್ಲಿ ಮಂಡಿಯೂರಿ ಅಡುಗೆಮನೆಯ ನೆಲ ಉಜ್ಜಿದ್ದಳು, ಸಿಂಕು ಹೊಳೆಯುವಂತೆ ತಿಕ್ಕಿದ್ದಳು, ಫರ್ನೇಸಿನವನನ್ನು ಕರೆಸಿ ಬಿಸಿಗಾಳಿ ಬರುವುದನ್ನು ಕೋಣೆಕೋಣೆಯಲ್ಲಿ ಕೈಯೊಡ್ಡಿ ನೋಡಿದ್ದಳು. ಶನಿವಾರ ಅವಳು ಮನೆಯ ಇನ್ನೊಂದು ಬೀಗದ ಕೈ ಕೊಡಲೆಂದು ಬಂದಾಗ ಅದೇ ಬೀದಿಯ ಚಂದ್ರಮೌಳಿ ತನ್ನ ಕಿಟಕಿಯ ಪರದೆ ಸರಿಸಿ ನೋಡುತ್ತಿದ್ದ. ಅವಳು ಕೈ ಬೀಸಿದಳು, ಪರದೆ ಮುಚ್ಚಿಕೊಂಡಿತು.

ಬಾಗಿಲು ಅರ್ಧ ತೆರೆದಿತ್ತು. ಒಳಗಿಂದ ಬ್ಲೀಚಿನ ಘಾಟು. ರೋಝಾ ಅಂಗಿಯ ತೋಳು ಮೇಲಕ್ಕೆ ಮಡಿಸಿಕೊಂಡು ಸಿಂಕಿನ ಮುಂದೆ ನಿಂತು, ನಿನ್ನೆ ಅಂಬುಜಾ ತಿಕ್ಕಿದ್ದನ್ನೇ ಬುಡದಿಂದ ಮತ್ತೆ ತಿಕ್ಕುತ್ತಿದ್ದಳು. ಕಪಾಟುಗಳ ಬಾಗಿಲೆಲ್ಲ ತೆರೆದಿದ್ದವು, ಪಾತ್ರೆಗಳೆಲ್ಲ ಇನ್ನೂ ಪೆಟ್ಟಿಗೆಯಲ್ಲೇ. ಲೀನಾ ಹೊಸ್ತಿಲಿಗೆ ಬಂದು, ಒದ್ದೆ ಕೈ ಒರೆಸಿಕೊಂಡು ಬೀಗದ ಕೈ ತೆಗೆದುಕೊಂಡಳು. ದಾರಿ ಬಿಡಲಿಲ್ಲ.

"ಇವತ್ತು ಒಳಗೆ ಬೇಡ, ಅಂಬು. ಅತ್ತೆ ಇನ್ನೂ ತೊಳೀತಿದಾರೆ. ಯಾರದೋ ಮನೆ ಆಗಿತ್ತಲ್ಲ ಇದು."

"ತೊಳೀಲಿ" ಎಂದಳು ಅಂಬುಜಾ. ನಾನು ಅಷ್ಟು ಉಜ್ಜಿದ್ದು ಸಾಲದಾಯಿತೇ ಎಂಬ ಮಾತು ನಾಲಿಗೆಯ ತುದಿಗೂ ಬಂತು. ಅದು ಪದ್ಮನಾಭನ ದನಿಯೆಂದು ಗೊತ್ತಾಗಿ, ನುಂಗಿಕೊಂಡಳು.

ಒಳಗೆ ಫರ್ನೇಸು ಗುರ್ ಎಂದು ಹೊತ್ತಿಕೊಂಡಿತು. ರೋಝಾ ಕೆಲಸ ನಿಲ್ಲಿಸಿ, ನೆಲದ ಕಿಂಡಿಯಿಂದ ಏಳುವ ಬಿಸಿಗೆ ಎರಡು ಕೈಯನ್ನೂ ಒಡ್ಡಿ, ಕಣ್ಣು ಮುಚ್ಚಿಕೊಂಡಳು. ಚಳಿಗಾಳಿ ಒಳಗೆ ನುಗ್ಗುತ್ತಿತ್ತು.

"ಬಾಗಿಲು ಹಾಕ್ಕೋ, ಬಿಸಿ ಹೊರಗೆ ಹೋಗುತ್ತೆ" ಎಂದು ಅಂಬುಜಾ ಮೆಟ್ಟಿಲಿಳಿದಳು. ಹಿಂದೆ ಬಾಗಿಲು ಮುಚ್ಚಿತು, ಒಳಗಿನಿಂದ ಚಿಲಕ ಬಿತ್ತು.